ಬೀದಿ ಕಡೆಯ ಖೋಲಿಯ ಪಾವಣ್ಯಾರು

ಹೋದ ದೀಪಾವಳಿಗೆ ಬಂದಾಗ ನೀವಿಬ್ಬರೂ ಬೀದಿ ಕಡೆಯ ಖೋಲಿಗಳ ಫೋಟೋ ತೆಗೆಯುತ್ತಿದ್ದಿರಿ. ಅಕ್ಕಲಕೋಟೆಗೆ ದರ್ಶನಕ್ಕೆ ಬರುವವರು ಮೊಬೈಲಿನಲ್ಲೇ ನೋಡಿ ಖೋಲಿ ಹಿಡಿಯಲಿ ಎಂದು ನಿಮ್ಮ ಅಪ್ಪ ಹೇಳಿದ್ದ. ಎರಡನೆಯ ಖೋಲಿಯ ಗೋಡೆಯ ಮೇಲೆ, ಮೊಣಕಾಲೆತ್ತರದಲ್ಲಿ, ಎರಡು ಸಲ ಬಣ್ಣ ಹೊಡೆದರೂ ಮುಚ್ಚದ ಒಂದು ಹಳದಿ ಕಲೆ ಇದೆ. ಸಣ್ಣಾಕೆ ಅದಕ್ಕೆ ಬೆರಳು ಹಚ್ಚಿ, "ಆಜೀ, ಇಲ್ಲಿ ಏನ ಚೆಲ್ಲ್ಯಾರ?" ಎಂದು ಕೇಳಿದಳು. "ಭಂಡಾರ," ಎಂದೆ. ದೇವರ ಅರಿಶಿನಪುಡಿ ಅಷ್ಟು ಕೆಳಗೆ ಯಾಕೆ ಬಂತು ಎಂದು ಅವಳು ಕೇಳುವಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿಬಿಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆವತ್ತು ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಎದುರಿಗೆ ಕೂತು ಮಾತಾಡುವವಳಲ್ಲ, ನಿಮಗೇ ಗೊತ್ತು. ಊರ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತೆ. ಬರೆಯಲು ಬರುವುದು ಅದೊಂದೇ ಭಾಷೆ. ನೀವು ಮರಾಠಿ ಸಾಲೆಯ ಮಕ್ಕಳು, ಕನ್ನಡ ಮಾತಾಡುತ್ತೀರಿ, ಓದುವುದಿಲ್ಲ. ನಿಮ್ಮ ತಾಯಿ ಇಂಡಿ ಕಡೆಯವಳು, ಓದಿ ಹೇಳಿಯಾಳು. ನಡುವೆ ಒಂದೆರಡು ಕಡೆ ಬಿಟ್ಟು ಓದಿದರೆ ಬಿಡಲಿ, ಅವಳಿಗೂ ಸಂಸಾರವಿದೆ.

ಮೊದಲು ನಾವೂ ಬಾಡಿಗೆಯವರೇ ಆಗಿದ್ದೆವು ಎಂಬುದನ್ನು ಹೇಳಬೇಕು. ನಿಮ್ಮ ಅಜ್ಜ ಎಸ್‌.ಟಿ. ಬಸ್ಸಿನ ಕಂಡಕ್ಟರ್. ಮದುವೆಯಾದ ವರ್ಷದಿಂದ ಸೊಲ್ಲಾಪುರದಲ್ಲಿ ಒಂದು ನೇಕಾರರ ಮನೆಯ ಹಿಂದಿನ ಖೋಲಿಯಲ್ಲಿದ್ದೆವು. ಮುಂದಿನ ಖೋಲಿಯಲ್ಲಿ ಮಗ್ಗ. ಅದರ ಸದ್ದು ನಿಂತಾಗಲೇ ನಿಮ್ಮ ಅಪ್ಪ ತೊಟ್ಟಿಲಲ್ಲಿ ಎಚ್ಚರಾಗಿ ಅಳುತ್ತಿದ್ದ. ಮಾಲಕಿ ತೆಲುಗಿನವಳು. ನನಗೆ ತೆಲುಗು ಬಾರದು, ಆಕೆಗೆ ಕನ್ನಡ ಬಾರದು, ಇಬ್ಬರಿಗೂ ಬರುತ್ತಿದ್ದದ್ದು ಮುರುಕು ಮರಾಠಿ. ನಳ ಬರುವ ದಿನ ನಾನು ಕೊಡ ಹಿಡಿದು ಜಗಳದ ನಡುವೆ ನುಗ್ಗಲಾರದೆ ನಿಂತರೆ ಆಕೆಯೇ ನನ್ನ ಕೊಡ ಕಸಿದುಕೊಂಡು ಮುಂದೆ ಇಡುತ್ತಿದ್ದಳು. ಒಮ್ಮೆ ಬಸ್ಸಿನವರ ಸಂಪು ನಡೆದು ಎಷ್ಟೋ ದಿನ ಪಗಾರವಿರಲಿಲ್ಲ. ಬಾಡಿಗೆಯ ಮಾತು ಆಕೆ ಎತ್ತಲಿಲ್ಲ. ನಾನೇ ನಾಚಿಕೊಂಡು ಎತ್ತಿದಾಗ, ಬಸ್ಸು ಓಡಲಿ, ಆಮೇಲೆ ನೋಡೋಣ ಎಂದು ಕೈ ಆಡಿಸಿದಳು. ಒಂದು ಮನೆಯಲ್ಲಿ ಇರಗೊಟ್ಟರೆ ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ನಿಮ್ಮ ಅಜ್ಜ ನಿವೃತ್ತರಾಗುವ ಮೊದಲು ಅಕ್ಕಲಕೋಟೆಯಲ್ಲಿ ಈ ಜಾಗ ಹಿಡಿದು ಮನೆ ಕಟ್ಟಿಸಿದರು. ನಮಗೆ ಹಿಂದೆ, ಬಾಡಿಗೆಗೆ ಬೀದಿ ಕಡೆ ಎರಡು ಖೋಲಿ. ನಮ್ಮ ಗಲ್ಲಿಯಲ್ಲಿ ಒಂದು ರೂಢಿ ಇದೆ, ನೀವೂ ಕೇಳಿರಬೇಕು. ಇಲ್ಲಿ ಯಾರ ಮನೆಯಲ್ಲೂ ಬಾಡಿಗೆಯವರಿಲ್ಲ; ಎಲ್ಲರ ಮನೆಯಲ್ಲೂ ಪಾವಣ್ಯಾರು, ಅಂದರೆ ನೆಂಟರು. ಬಾಡಿಗೆಗೆ ಕೊಟ್ಟ ಖೋಲಿಗೆ ಘರಪಟ್ಟಿ, ಅಂದರೆ ನಗರಸಭೆಯ ಮನೆ ತೆರಿಗೆ, ಹೆಚ್ಚು ಬೀಳುತ್ತದೆ ಎಂದು ಎಲ್ಲರೂ ಹೀಗೇ ಹೇಳುತ್ತಾರೆ. ಕಾಗದ ಹಿಡಿದು ಬಂದವರಿಗೆ ಹೇಳಿ ಹೇಳಿ ಅದು ನಮ್ಮ ನಮ್ಮಲ್ಲೇ ಚೇಷ್ಟೆಯ ಮಾತಾಗಿತ್ತು. "ಏನ್ರಿ, ನಿಮ್ಮ ಪಾವಣ್ಯಾರು ಮೂರು ವರ್ಷಾತು, ಇನ್ನೂ ಹೊಂಟಿಲ್ಲಲ್ಲ! ಹೋಳಗಿ ಕಡಿಮಿ ಮಾಡ್ರಿ," ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕೂಗುತ್ತಿದ್ದಳು. ನಿಮ್ಮ ಅಜ್ಜ ನನಗೆ ಪಾಠ ಮಾಡಿಸಿದ್ದರು: "ಯಾರಾರ ಬಂದು ಕೇಳಿದ್ರ ಪಾವಣ್ಯಾರು ಅನ್ನು. ಅಷ್ಟ. ಎರಡನೇ ಮಾತು ಆಡಬ್ಯಾಡ, ನಿನಗ ಸುಳ್ಳು ಹೇಳಾಕ ಬರಂಗಿಲ್ಲ." ಅವರು ತೀರಿಕೊಂಡ ಮೇಲೂ ನಾನು ಅದನ್ನೇ ಹೇಳುತ್ತ ಬಂದೆ.

ನಾನು ಹೇಳಬೇಕೆಂದಿರುವ ಅತ್ತೆ-ಸೊಸೆ ಬಂದದ್ದು ಕರೋನಾ ಮುಗಿದ ಮರುವರ್ಷ. ನಾಗಣಸೂರ ಕಡೆಯವರು, ಕುರಿ ಸಾಕುವ ಮನೆತನ. ಸೊಸೆಗೆ ಮೂವತ್ತೈದರ ಆಸುಪಾಸು. ಅತ್ತೆಗೆ ಎಷ್ಟು ವಯಸ್ಸೆಂದು ಅತ್ತೆಗೇ ಗೊತ್ತಿರಲಿಲ್ಲ. ಎರಡೂ ಮೊಣಕಾಲು ಹೋಗಿದ್ದವು. ಸೊಸೆ ಆಕೆಯನ್ನು ಆಟೋದಿಂದ ಎತ್ತಿ ಇಳಿಸಿ ನಮ್ಮ ಕಟ್ಟೆಯ ಮೇಲೆ ಕೂರಿಸಿದಳು.

"ಎಷ್ಟ ಮಂದಿ ಇರ್ತೀರಿ?" ಎಂದು ಕೇಳಿದೆ.

"ನಾವಿಬ್ಬರ ರಿ ಅಕ್ಕಾರ."

"ಗಂಡಸರು?"

ಸೊಸೆ ನೆಲ ನೋಡಿದಳು. ಮುದುಕಿ ಉತ್ತರ ಕೊಟ್ಟಳು. "ಒಬ್ಬವ ಇದ್ದ ತಂಗೀ, ನನ್ನ ಸಣ್ಣ ಮಗ. ಪುಣೆಕ್ಕ ದುಡ್ಯಾಕ ಹೋದಂವ ಅಲ್ಲೇ ಬ್ಯಾರೆ ಸಂಸಾರ ಹೂಡ್ಯಾನ. ಹೋಗುವಾಗ ಈಕಿನ್ನ ನನಗ ಬಿಟ್ಟು ಹೋದ. ಅಂವಾ ಮಾಡಿದ ಶಾಣ್ಯಾ ಕೆಲಸ ಅದೊಂದ."

"ಸುಮ್ನಿರತ್ತಿ," ಎಂದು ಸೊಸೆ ಬೈದಳು. ಆದರೆ ನಗುತ್ತಿದ್ದಳು.

ಊರಲ್ಲಿ ಹಿರಿಯ ಮಗನಿದ್ದ, ಅವನ ಮನೆಯಿತ್ತು. ಅಲ್ಲಿ ಇರದೆ ಮುದುಕಿ ಈ ಸೊಸೆಯ ಬೆನ್ನು ಹತ್ತಿ ಬಂದಿದ್ದಳು. ಸೊಸೆಗೂ ತವರಿಗೆ ಹೋಗುವ ದಾರಿ ಇತ್ತು, ಅವಳೂ ಹೋಗಿರಲಿಲ್ಲ. ನಡುವೆ ಇದ್ದ ಗಂಡಸು ಹೊರಟುಹೋದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು.

ಸೊಸೆಗೆ ಒಂದು ಲಾಡ್ಜಿನಲ್ಲಿ ಕೆಲಸ. ಭಕ್ತರು ಮಲಗಿ ಎದ್ದ ಹಾಸಿಗೆಯ ಚಾದರು, ದಿಂಬಿನ ಗವಸು ಒಗೆಯುವುದು, ಖೋಲಿ ಒರೆಸುವುದು. ನಸುಕಿನಲ್ಲಿ ಹೋದರೆ ಸಂಜೆಗೆ ಬಿಡುವು; ದರ್ಶನದ ಗದ್ದಲವಿರುವ ಗುರುವಾರ ಬಂದರೆ ಅದೂ ಇಲ್ಲ. ಲಾಡ್ಜಿಗೂ ನಮ್ಮ ಮನೆಗೂ ನಡುವೆ ಎರಡೇ ಗಲ್ಲಿ. ದಿನಕ್ಕೆ ಮೂರು ಸಲ, ಒದ್ದೆ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಓಡುತ್ತ ಬರುತ್ತಿದ್ದಳು. ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು, ಬಾಯಿಗೆ ಚಹಾ ಹಿಡಿದು, ಮತ್ತೆ ಓಡುತ್ತಿದ್ದಳು. ಆ ಖೋಲಿ ಅವರಿಗೆ ಯಾಕೆ ಬೇಕಿತ್ತು ಎಂದರೆ ಇದಕ್ಕೆ. ಊರಾಚೆ ಅಗ್ಗದ ಖೋಲಿಗಳಿದ್ದವು. ಅಲ್ಲಿಂದ ಮೂರು ಸಲ ಓಡಿ ಬರಲು ಆಗುವುದಿಲ್ಲ.

ಮುದುಕಿ ಬೀರೋಬಾನ ಪಟವನ್ನು ಗೋಡೆಗೆ ಕೆಳಗೇ ಮೊಳೆ ಹೊಡೆಸಿಕೊಂಡಿದ್ದಳು, ಕೂತಲ್ಲಿಂದ ಕೈಗೆ ಎಟುಕಲಿ ಎಂದು. ಬೆಳಿಗ್ಗೆ ಎದ್ದು ದೇವರಿಗೆ ಭಂಡಾರ ಹಚ್ಚಿ, ಅದೇ ಬೆರಳನ್ನು ಗೋಡೆಗೆ ಒರೆಸುತ್ತಿದ್ದಳು. ಆಮೇಲೆ ಇಡೀ ದಿನ ಹೊಸ್ತಿಲ ಬಳಿ ಕೂತು, ಶೇಂಗಾ ಸುಲಿಯುತ್ತ, ಹೋಗಿ ಬರುವ ಭಕ್ತರನ್ನು ಮಾತಾಡಿಸುವುದು. ಅವರು ಮುಂಬಯಿಯವರು, ನಾಸಿಕದವರು, ಆಕೆಯ ಕನ್ನಡ ತಿಳಿಯದು. "ದೇವರ ಕಡಿಂದ ಬಂದ್ರಿ, ಮಾರಿ ಯಾಕ ಹಂಗ ಮಾಡೀರಿ? ಸಾಲಿನ್ಯಾಗ ಒದ್ದರೇನು?" ಎಂದರೆ ಅವರು ಆಶೀರ್ವಾದವೆಂದು ತಿಳಿದು ಕೈಮುಗಿಯುತ್ತಿದ್ದರು. ನಾನು ಒಳಗೆ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ಈ ಮನೆಯಲ್ಲಿ ನಾನು ನಕ್ಕದ್ದು ಆ ಎರಡು ವರ್ಷ.

ಆದರೆ ನಮ್ಮ ಗಲ್ಲಿ ಬದಲಾಗುತ್ತಿತ್ತು. ಒಬ್ಬೊಬ್ಬರಾಗಿ ಬಾಡಿಗೆಯವರನ್ನು ಬಿಡಿಸಿ, ನೆಲಕ್ಕೆ ಹೊಳೆಯುವ ಫರಸಿ ಹಾಕಿಸಿ, ಭಕ್ತರಿಗೆ ದಿನದ ಲೆಕ್ಕದಲ್ಲಿ ಖೋಲಿ ಕೊಡತೊಡಗಿದರು. ನಿಮ್ಮ ಅಪ್ಪನೂ ನೋಡುತ್ತಿದ್ದ.

"ಅವ್ವಾ, ಒಂದು ಗುರುವಾರ ಭಕ್ತರು ಕೊಡೂದು ಈಕಿ ತಿಂಗಳಿಗೆ ಕೊಡಂಗಿಲ್ಲ," ಎಂದ ಒಂದು ಭಾನುವಾರ.

"ಮುದುಕಿ ಅದಾಳಪ್ಪಾ."

"ಹಂಗಂತ ಹೊರಗ ಹಾಕು ಅಂದೆನೇನು? ದೀಪಾವಳಿ ಆದ ಮ್ಯಾಲ ಗಲ್ಲಿ ದರದಂಗ ಬಾಡಿಗಿ ಕೊಟ್ರ ಇರಲಿ. ಇಲ್ಲಂದ್ರ ನಾವೂ ಎಲ್ಲರಂಗ ಮಾಡೂಣು."

ಇದನ್ನು ಓದಿ ನಿಮ್ಮ ಅಪ್ಪನ ಮೇಲೆ ಸಿಟ್ಟಾಗಬೇಡಿ. ಅವನೂ ಸೊಲ್ಲಾಪುರದಲ್ಲಿ ಬಾಡಿಗೆ ಮನೆಯಲ್ಲೇ ಇದ್ದಾನೆ. ಚಾದರಿನ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದು ನಿಮ್ಮಿಬ್ಬರ ಕಾಲೇಜು ನಡೆಸುತ್ತಿದ್ದಾನೆ. ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ.

ಈ ಮಾತನ್ನು ಸೊಸೆಗೆ ಮುಟ್ಟಿಸಲು ನನಗೆ ಮೂರು ದಿನ ಬೇಕಾಯಿತು. ಜೋಳ ಹಸನು ಮಾಡುತ್ತ, ಮೊರದೊಳಗಿನ ಕಾಳನ್ನು ನೋಡುತ್ತಲೇ ಹೇಳಿ ಮುಗಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ಅಷ್ಟು ಆಗಂಗಿಲ್ರಿ ಅಕ್ಕಾರ," ಎಂದಳು. ಮತ್ತೆ ಹೇಳಿದಳು, "ಲಾಡ್ಜಿನ ಹಿಂದ ಕೆಲಸದ ಹೆಂಗಸರಿಗೆ ತಗಡ ಪತ್ರಾದ ಶೆಡ್ ಅದ. ನಾ ಅಲ್ಲಿ ಇರ್ತೀನಿ. ಆದ್ರ ಅಲ್ಲಿ ಅತ್ತಿನ್ನ ಇಟ್ಟುಕೊಳ್ಳಂಗಿಲ್ಲ. ಆಕಿನ್ನ ಊರಿಗೆ ಕಳಸಬೇಕು." ಒಳಗೆ ಮುದುಕಿಗೆ ಇದು ಕೇಳಿಸಿರಬೇಕು, ಶೇಂಗಾ ಸುಲಿಯುವ ಸದ್ದು ನಿಂತಿತ್ತು.

ಹತ್ತು-ಹನ್ನೆರಡು ದಿನದ ಮೇಲೆ ಅವಳು ಕೈಯಲ್ಲಿ ಒಂದು ಕಾಗದ ಹಿಡಿದು ಓಡಿ ಬಂದಳು. "ಅಕ್ಕಾರ, ಉಪಾಯ ಸಿಕ್ಕದ ರಿ!" ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲೆ, ಒಂದು ಸಂಸ್ಥೆಯ ಆಫೀಸು ತೆರೆದಿದ್ದರು. ಗಂಡಸಿನ ಆಸರೆ ಇಲ್ಲದೆ ಬಾಡಿಗೆಗೆ ಇರುವ ಹೆಣ್ಣುಮಕ್ಕಳಿಗೆ ಬಾಡಿಗೆಯ ಒಂದು ಪಾಲನ್ನು ಅವರು ಕೊಡುತ್ತಿದ್ದರು. ಆ ಪಾಲು ನೇರ ಮನೆ ಮಾಲಕರ ಖಾತೆಗೇ ಬರುತ್ತಿತ್ತು. ಉಳಿದದ್ದು ಅವಳು ಈಗ ಕೊಡುವಷ್ಟೇ. ನಿಮ್ಮ ಅಪ್ಪ ಕೇಳಿದ್ದೂ ಬರುತ್ತದೆ, ಮುದುಕಿಯೂ ಉಳಿಯುತ್ತಾಳೆ. ಇಷ್ಟು ಸರಿಯಾಗಿ ಹೊಂದಿದ್ದು ನನ್ನ ಜೀವನದಲ್ಲಿ ಕಡಿಮೆ.

"ಶನಿವಾರ ಅವರ ಕಡಿಯವ್ರು ನೋಡಾಕ ಬರ್ತಾರಂತ ರಿ. ಕರಾರಪತ್ರ ಗಿರಾರಪತ್ರ ಏನೂ ಕೇಳಂಗಿಲ್ಲ. ಮಾಲಕರು ಬಾಯಿಲೆ, ಇವರು ನಮ್ಮ ಮನ್ಯಾಗ ಬಾಡಿಗಿ ಕೊಟ್ಟು ಅದಾರ ಅಂದ್ರ ಸಾಕು."

"ಅಂತೀನಿ ತಗೋ. ಅದಕ್ಕೇನು," ಎಂದೆ.

"ಗಟ್ಟಿ ಅನ್ನು ತಂಗೀ," ಎಂದಳು ಮುದುಕಿ. "ನೀ ಮಾತಾಡಿದ್ರ ಕಾಲಾಗಿನ ಕೋಳಿಗೂ ಕೇಳಂಗಿಲ್ಲ."

ಶನಿವಾರ ಬರಬೇಕಾದವರು ಗುರುವಾರ ಬಂದರು. ಸೊಸೆ ಲಾಡ್ಜಿನಲ್ಲಿದ್ದಳು. ಗಲ್ಲಿ ತುಂಬ ಭಕ್ತರ ಗಾಡಿಗಳು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಶಾವಿಗೆ ಒಣಹಾಕುತ್ತಿದ್ದಳು. ಮುದುಕಿ ಎಂದಿನಂತೆ ಹೊಸ್ತಿಲಲ್ಲಿ. ನಾನು ಅಂಗಳ ಗುಡಿಸುತ್ತಿದ್ದೆ. ಒಬ್ಬ ಹುಡುಗಿ, ಇಪ್ಪತ್ತೈದು ದಾಟಿರಲಿಕ್ಕಿಲ್ಲ, ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಕಾಗದದ ಹಲಗೆ, ನಮ್ಮ ಬಾಗಿಲ ಎದುರು ನಿಂತು ಮನೆಯ ನಂಬರನ್ನು ಓದಿ, ಮೊಬೈಲಿನಲ್ಲಿ ಬಾಗಿಲ ಫೋಟೋ ತೆಗೆದಳು. ಘರಪಟ್ಟಿಯವರೇ ಬಂದರು ಎಂದುಕೊಂಡೆ. ಮುದುಕಿಯ ಕಡೆ ಕೈ ತೋರಿಸಿ ಮರಾಠಿಯಲ್ಲಿ ಕೇಳಿದಳು, "ಆಜೀ, ಹ್ಯಾ ಕೋಣ?" ಈಕೆ ಯಾರು ಎಂದು.

"ಪಾಹುಣೇ," ಎಂದೆ. ನೆಂಟರು.

ಇಷ್ಟು ವರ್ಷ ಕಾಗದ ಹಿಡಿದು ಬಂದ ಪ್ರತಿಯೊಬ್ಬರಿಗೂ ಹೇಳಿದ ಮಾತು, ಕೇಳಿದ್ದೇ ತಡ ಹೊರಬಿತ್ತು. ಕೈಯಲ್ಲಿದ್ದ ಕಸಬರಿಗೆ ಕೂಡ ನಾನು ಕೆಳಗಿಟ್ಟಿರಲಿಲ್ಲ.

ಹುಡುಗಿ ಹಲಗೆಯ ಮೇಲಿನ ಕಾಗದ ನೋಡಿದಳು, ನನ್ನನ್ನು ನೋಡಿದಳು. "ಹಾಗಾದರೆ ನೀವು ಇವರ ಹತ್ತಿರ ಬಾಡಿಗೆ ತೆಗೆದುಕೊಳ್ಳುವುದಿಲ್ಲವೇ ಆಜೀ?" ಎಂದು ಮೆತ್ತಗೆ ಕೇಳಿದಳು. ಘರಪಟ್ಟಿಯವರು ಇಷ್ಟು ಮೆತ್ತಗೆ ಕೇಳುವುದಿಲ್ಲ. ಆಗ ನನಗೆ ಯಾರು ಬಂದಿದ್ದಾರೆ ಎಂದು ತಿಳಿಯಿತು. ಇದನ್ನು ನೀವು ಸರಿಯಾಗಿ ಕೇಳಬೇಕು. ನನಗೆ ತಿಳಿಯಿತು, ಹೇಳಲು ಹೊತ್ತೂ ಇತ್ತು. ಆದರೆ ಪಕ್ಕದ ಮನೆಯಾಕೆ ಶಾವಿಗೆಯ ಮೇಲಿಂದ ಕೈ ಎತ್ತಿ ಕೇಳುತ್ತಿದ್ದಳು. ಈಗಷ್ಟೇ ಆಡಿದ ಮಾತನ್ನು ಅಲ್ಲವೆಂದರೆ ಓದಿದ ಹುಡುಗಿಯ ಎದುರು, ಗಲ್ಲಿಯ ಎದುರು, ನಾನು ಸುಳ್ಳುಬುರುಕಿಯಾಗುತ್ತೇನೆ. "ಪಾವಣ್ಯಾರ ಕಡೆ ಯಾರು ಬಾಡಿಗಿ ತಗೋತಾರವ್ವಾ?" ಎಂದುಬಿಟ್ಟೆ. ಕನ್ನಡದಲ್ಲೇ ಅಂದೆ. ಅವಳಿಗೆ ಕನ್ನಡವೂ ತಿಳಿಯುತ್ತಿತ್ತು.

ಮೊದಲನೆಯ ಮಾತು ನಿಮ್ಮ ಅಜ್ಜ ಕಲಿಸಿದ್ದು. ಎರಡನೆಯದು ನನ್ನ ಸ್ವಂತದ್ದು.

ಅವಳು ಬರೆದುಕೊಂಡು ಸಹಿ ಮಾಡಲು ಕೊಟ್ಟಳು. ಮಾಡಿದೆ. ಹೊಸ್ತಿಲಲ್ಲಿ ಕೂತ ಮುದುಕಿ ಎಲ್ಲವನ್ನೂ ಕೇಳಿದಳು. ಸಂತೆಯಲ್ಲಿ ಕುರಿ ಮಾರಿದ ಹೆಂಗಸು, ಮರಾಠಿ ತಿಳಿಯದೆ ಇರುತ್ತದೆಯೇ? ಆದರೂ ಒಂದು ಮಾತು ಆಡಲಿಲ್ಲ. ಹುಡುಗಿ ಹೋದ ಮೇಲೆ ನನ್ನತ್ತ ನೋಡಿ, "ಬಿಸಲಾಗ ನಿಲ್ಲಬ್ಯಾಡ ತಂಗೀ, ಒಳಗ ಹೋಗು," ಎಂದಳು.

ಸೊಸೆಗೆ ಆಫೀಸಿನಿಂದ ಫೋನು ಬಂದಿತ್ತು. ಸಂಜೆ ಬಂದವಳು ನೇರ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಬೆರಳುಗಳು ಸೋಡಾಪುಡಿಗೆ ಬೆಳ್ಳಗೆ ಸುಕ್ಕಾಗಿದ್ದವು.

"ಅಕ್ಕಾರ, ಯಾಕ ಹಂಗ ಅಂದ್ರಿ?"

ನಾನು ಹಿಟ್ಟು ನಾದುತ್ತಿದ್ದೆ, ನಾದುತ್ತಲೇ ಇದ್ದೆ.

"ನನ್ನಿಂದ ಏನಾರ ತಪ್ಪಾಗೇದೇನ್ರಿ? ಆಗಿದ್ರ ಬೈದು ಹೇಳ್ರಿ."

ಬೈದಿದ್ದರೆ, ಕೂಗಾಡಿದ್ದರೆ, ನಾನೂ ಅತ್ತು ಹಗುರಾಗುತ್ತಿದ್ದೆನೇನೋ. ತಪ್ಪು ತನ್ನದೇ ಇರಬೇಕು ಎಂದು ಅವಳು ಕೇಳಿದಳು. "ಬಾಯಿಗೆ ಬಂದುಬಿಡ್ತವ್ವಾ," ಎಂದೆ.

ಆ ಕಡೆಯಿಂದ ಮುದುಕಿ ಕೂಗಿದಳು, "ಆಕಿ ಬೇಕಂತ ಅಂದಿಲ್ಲ, ಬಿಡ! ಆಕೀನೂ ಮುಂಜಾನಿಂದ ಉಂಡಿಲ್ಲ."

ಸೊಸೆ ಕಣ್ಣೊರೆಸಿಕೊಂಡು ಹೇಳಿದಳು, "ಎಂಟು ದಿವಸದೊಳಗ ನೀವು ಸ್ವತಃ ಆಫೀಸಿಗೆ ಬಂದು ಖರೆ ಹೇಳಿದ್ರ ತಿದ್ದಿಕೊಳ್ತಾರಂತ. ನಾನೂ ಸಂಗಟ ಬರ್ತೀನ್ರಿ."

"ನೀ ಯಾಕ ಕೆಲಸ ಬಿಡ್ತಿ? ನಾ ಒಬ್ಬಾಕಿನ ಹೋಗಿ ಬರ್ತೀನಿ," ಎಂದೆ. ಯಾಕೆ ಹಾಗೆ ಅಂದೆನೋ. ನಾನು ನನ್ನ ಜನ್ಮದಲ್ಲಿ ಒಬ್ಬಳೇ ಯಾವ ಆಫೀಸಿಗೂ ಹೋದವಳಲ್ಲ. ಪಿಂಚಣಿಗೂ ನಿಮ್ಮ ಅಪ್ಪನೇ ಕರೆದೊಯ್ಯುತ್ತಾನೆ.

ಮರುದಿನ ಶುಕ್ರವಾರ ಇಳಕಲ್ ಸೀರೆ ಉಟ್ಟು ಹೊರಟೆ. ಔಷಧಿ ಅಂಗಡಿ ಸಿಕ್ಕಿತು, ಅದರ ಪಕ್ಕ ಕಿರಿದಾದ ಮೆಟ್ಟಿಲು ಸಿಕ್ಕಿತು. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ, ಮೇಲಿಂದ ಬಹಳ ಜನರ ಮಾತು. ಮನಸ್ಸಿನಲ್ಲಿ ಮರಾಠಿ ವಾಕ್ಯ ಜೋಡಿಸಿಕೊಂಡಿದ್ದೆ: ನಾನು ಸುಳ್ಳು ಹೇಳಿದೆ, ಅವರು ಬಾಡಿಗೆಯವರು. ಎರಡು ಮೆಟ್ಟಿಲು ಏರಿದೆ. ಮೇಲಿನಿಂದ ಯಾರೋ ಗಂಡಸರು ಇಳಿದು ಬಂದರು, ಅವರಿಗೆ ದಾರಿ ಬಿಡಲು ಕೆಳಗಿಳಿದೆ. ಕೆಳಗಿಳಿದವಳು ಮತ್ತೆ ಏರಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆಂದು ತಳ್ಳುಗಾಡಿಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು ಮನೆಗೆ ಬಂದೆ.

"ಹೇಳಿದ್ರೇನ್ರಿ ಅಕ್ಕಾರ?" ಎಂದು ಸೊಸೆ ಸಂಜೆ ಕೇಳಿದಳು.

"ಆಫೀಸ್ ಬಂದ್ ಇತ್ತವ್ವಾ."

ಅವಳು ದಿನಕ್ಕೆ ಮೂರು ಸಲ ಓಡಾಡುವ ದಾರಿಯ ತುದಿಯಲ್ಲೇ ಆ ಆಫೀಸು. "ಹೌದೇನ್ರಿ," ಎಂದಳು ಅಷ್ಟೇ. ನಾನು ಬಾಳೆಹಣ್ಣು ಕೊಟ್ಟೆ. ತೆಗೆದುಕೊಂಡಳು.

ಭಾನುವಾರ ನಿಮ್ಮ ಅಪ್ಪ ಬಂದ. ಅವನೊಂದಿಗೆ ಹೋಗೋಣವೆಂದು ಎಲ್ಲವನ್ನೂ ಹೇಳಿದೆ. ಅವನು ತಲೆ ಕೆರೆದುಕೊಂಡ. "ಸಹಿ ಮಾಡಿ ಕೊಟ್ಟೀಯಲ್ಲವ್ವಾ. ಈಗ ಹೋಗಿ ಬಾಡಿಗಿ ತಗೋತೀನಿ ಅಂತ ಬರದುಕೊಟ್ರ ಅದು ನಾಳೆ ಘರಪಟ್ಟಿಯವರ ಕೈಗೆ ಹೋದ್ರ? ಹಿಂದಿನ ವರ್ಷದ್ದೆಲ್ಲಾ ಕೇಳಿದ್ರ? ಬಿಟ್ಟು ಬಿಡು, ಏನೋ ಆಗಿಹೋತು." ನನಗೆ ಒಳಗೊಳಗೆ ಹಗುರವಾಯಿತು. ಇದನ್ನು ಬರೆಯಲು ಬಹಳ ಕಷ್ಟವಾಗುತ್ತಿದೆ, ಆದರೆ ಹಾಗೇ ಆಯಿತು: ಮಗ ಬೇಡವೆಂದ, ನಾನು ಆ ಮೆಟ್ಟಿಲು ಏರುವುದು ತಪ್ಪಿತು. ಎಂಟನೆಯ ದಿನ ನಾನು ಗೋಧಿ ಹಸನು ಮಾಡುತ್ತ ಕೂತಿದ್ದೆ. ಹೊತ್ತು ಮುಳುಗುವ ತನಕ ಮಾಡಿದೆ.

ಆ ವರ್ಷದ ದೀಪಾವಳಿ ಮುಗಿದ ವಾರ, ನೀವು ಫೋಟೋ ತೆಗೆಯುವುದಕ್ಕೆ ಒಂದು ವರ್ಷ ಮೊದಲು, ನಾಗಣಸೂರಿಗೆ ಹೋಗುವ ಒಂದು ಟೆಂಪೋ ಬಂತು. ಸೊಸೆ ಖೋಲಿಯನ್ನು ತೊಳೆದು, ಒರೆಸಿ, ನನ್ನನ್ನು ಕರೆದು ತೋರಿಸಿದಳು. ಲಾಡ್ಜಿನಲ್ಲಿ ಹಾಗೆ ತೋರಿಸಿ ರೂಢಿ. ಕೀಲಿಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಮುದುಕಿಯನ್ನು ಎತ್ತಿ ಕೂರಿಸುವಾಗ ಆಕೆ ಟೆಂಪೋದವನಿಗೆ, "ಹಳ್ಳ ಬಂದಲ್ಲಿ ಹಗೂರ ಹೊಡಿಯೋ, ನಾ ಏನ ಟೊಮಾಟಿ ಅಲ್ಲ," ಎಂದಳು. ಎಲ್ಲರೂ ನಕ್ಕರು. ಸೊಸೆ ನಗಲಿಲ್ಲ. ಟೆಂಪೋ ಹೋದತ್ತ ನೋಡುತ್ತ ಸ್ವಲ್ಪ ಹೊತ್ತು ನಿಂತು, ತನ್ನ ಟ್ರಂಕು ತಲೆಯ ಮೇಲಿಟ್ಟುಕೊಂಡು ಲಾಡ್ಜಿನ ಕಡೆ ನಡೆದುಹೋದಳು.

ಅಂದಿನಿಂದ ಖೋಲಿಗೆ ಭಕ್ತರು ಬರುತ್ತಾರೆ. ಒಳ್ಳೆಯ ಜನ, ಪ್ರಸಾದ ಕೊಡುತ್ತಾರೆ, ಕಾಲಿಗೆ ನಮಸ್ಕಾರ ಮಾಡುತ್ತಾರೆ. ಸೊಸೆ ಸಂತೆಯಲ್ಲಿ ಆಗಾಗ ಸಿಗುತ್ತಾಳೆ. ನಾನು ಮುಖ ತಪ್ಪಿಸಿದರೂ ಅವಳೇ ಬಂದು ಮಾತಾಡಿಸುತ್ತಾಳೆ. ತಿಂಗಳಿಗೊಮ್ಮೆ, ಅಮಾವಾಸ್ಯೆಗೆ, ಲಾಡ್ಜಿನವರು ಒಂದು ದಿನ ರಜೆ ಕೊಟ್ಟಾಗ ಅತ್ತೆಯನ್ನು ನೋಡಿ ಬರುತ್ತಾಳಂತೆ. ಹೋದ ಸಂಕ್ರಾಂತಿಯ ಹೊತ್ತಿಗೆ ಸಿಕ್ಕಾಗ ಹೇಳಿದಳು, "ಅತ್ತಿ ನಿಮ್ಮನ್ನ ಭಾಳ ನೆನಸ್ತಾಳ್ರಿ. ತಂಗಿ ಹ್ಯಾಂಗದಾಳ, ತಂಗಿ ಹ್ಯಾಂಗದಾಳ ಅಂತ ನನ್ನ ಜೀವಾ ತಿಂತಾಳ."

ಅದನ್ನು ಕೇಳಿ ನಾಲ್ಕು ದಿನ ನಿದ್ದೆ ಬರಲಿಲ್ಲ. ಐದನೆಯ ದಿನ ಯಾರಿಗೂ ಹೇಳದೆ, ಎಳ್ಳಿನ ಉಂಡೆ ಕಟ್ಟಿಕೊಂಡು, ಒಬ್ಬಳೇ ನಾಗಣಸೂರಿನ ಬಸ್ಸು ಹತ್ತಿದೆ. ನೀವು ನಂಬಲಿಕ್ಕಿಲ್ಲ. ನಿಮ್ಮ ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ಮನೆ ಊರ ಹೊರಗೆ, ಕುರಿಹಟ್ಟಿಯ ಪಕ್ಕ. ಹಿರಿಯ ಸೊಸೆ ನಾಯಿಯನ್ನು ಗದರಿ ನನ್ನನ್ನು ಒಳಗೆ ಕರೆದಳು, ಚಹಾ ಮಾಡಿದಳು. ಕೆಟ್ಟವಳಲ್ಲ. "ಊಟಕ್ಕ ಏನೂ ಕಡಿಮಿ ಮಾಡಿಲ್ರಿ," ಎಂದು ಕೇಳದೆಯೇ ಹೇಳಿದಳು. "ಆದ್ರ ನಾವೆಲ್ಲಾ ಮುಂಜಾನಿ ಕುರಿ ಹಿಂದ, ಹೊಲದ ಕಡಿ ಹೋಗ್ತೀವಿ. ಎತ್ತಿ ಕುಂದ್ರಸಾಕ ಒಬ್ರೂ ಇರಂಗಿಲ್ಲ. ಸಂಜೀ ಮಟ ಕೂತಲ್ಲೇ." ಹೇಳುವಾಗ ನನ್ನ ಮುಖ ನೋಡಲಿಲ್ಲ. ಉಳಿದದ್ದು ನನಗೆ ಅಂಗಳಕ್ಕೆ ಬಂದಾಗ ವಾಸನೆಯಿಂದಲೇ ತಿಳಿಯಿತು.

ಮುದುಕಿ ಬೇವಿನ ಗಿಡದ ಕೆಳಗೆ ಒಂದು ಕೌದಿಯ ಮೇಲೆ ಕೂತಿದ್ದಳು. ಅರ್ಧ ಆಗಿದ್ದಳು. ಕೈ ಅಡ್ಡ ಹಿಡಿದು ನೋಡಿ, ಗುರುತು ಹತ್ತಿದ್ದೇ ಮುಖ ಅರಳಿತು. ನಾನು ಬಾಯಿ ತೆರೆಯುವ ಮೊದಲೇ ಒಳಗಿನವಳನ್ನು ಕೂಗಿದಳು. "ಏ, ಬಾ ಇಲ್ಲಿ! ನನ್ನ ಕೌದಿ ಸುತ್ತು. ಪಟಾ ತಗೊಂಡು ಬಾ. ಮಾಲಕಿ ಕರ್ಯಾಕ ಬಂದಾಳ!"

ಹಿರಿಯ ಸೊಸೆ ನನ್ನತ್ತ ನೋಡಿದಳು. ಖರೆ ಇದ್ದೀತು ಎಂಬ ಆಸೆ ಅವಳ ಕಣ್ಣಲ್ಲೂ ಇತ್ತು. ಮುದುಕಿಯನ್ನು ಒಂದು ಪಕ್ಕಕ್ಕೆ ಸರಿಸಿ ಕೌದಿಯ ತುದಿ ಸುತ್ತತೊಡಗಿದಳು.

ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಬಹುದಿತ್ತು. ಖೋಲಿಗೆ ಬಣ್ಣ ಹೊಡೆಯುತ್ತಿದ್ದಾರೆ ಎನ್ನಬಹುದಿತ್ತು. ಎರಡೂ ಬಾಯಿಯ ತನಕ ಬಂದವು. ನಾನು ಆಕೆಯ ಎದುರು ಕೂತೆ.

"ಇಲ್ಲಕ್ಕಾ. ಕರ್ಯಾಕ ಬಂದಿಲ್ಲ. ಖೋಲಿ ಭಕ್ತರಿಗೆ ಕೊಟ್ಟೀವಿ. ನಿಮಗ ಹಿಂಗಾಗಿದ್ದು ನನ್ನಿಂದ. ಅವತ್ತ ಆ ಹುಡಿಗಿ ಮುಂದ ನಾ ಖರೆ ಹೇಳಲಿಲ್ಲ. ಆಮ್ಯಾಲ ಆಫೀಸಿಗೂ ಹೋಗಲಿಲ್ಲ. ಬಂದ್ ಇರಲಿಲ್ಲ ಅದು."

"ಗೊತ್ತದ," ಎಂದಳು ಮುದುಕಿ. "ನಾ ಅಲ್ಲೇ ಕೂತಿದ್ನಲ್ಲ."

"ಮತ್ತ ನೀವಾರ ಒಂದ ಮಾತು ಅನಬಾರದಿತ್ತಾ?"

ಆಕೆ ನನ್ನನ್ನೇ ನೋಡಿದಳು, ಇಷ್ಟೂ ತಿಳಿಯದೇ ಎಂಬಂತೆ. "ಮಾಲಕಿ ಮಾತಿಗೆ ಅಡ್ಡಮಾತು ಹ್ಯಾಂಗ ಆಡೂದು ತಂಗೀ? ನೀ ಇಟ್ಟಿದ್ದಿ, ನಾವು ಇದ್ದಿವಿ."

ಕುರಿಮರಿಯೊಂದು ಬಂದು ಉಂಡೆಯ ಗಂಟು ಮೂಸಿತು, ಮುದುಕಿ ಅದರ ಮೂತಿಗೆ ಒಂದು ಕೊಟ್ಟಳು. ಆಮೇಲೆ ಸೊಸೆಯ ವಿಚಾರ ಕೇಳಿದಳು. ಶೆಡ್ಡಿನಲ್ಲಿ ಥಂಡಿ ಹತ್ತುತ್ತದೋ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ, ಕೈಬೆರಳು ಹಾಗೇ ಒಡೆದಿವೆಯೋ. ನನಗೆ ಗೊತ್ತಿದ್ದಷ್ಟು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೆ.

ಹಿರಿಯ ಸೊಸೆ ಅರ್ಧ ಸುತ್ತಿದ ಕೌದಿ ಹಿಡಿದುಕೊಂಡು ಇನ್ನೂ ನಿಂತೇ ಇದ್ದಳು.

"ಬಿಚ್ಚಿ ಹಾಸವ್ವಾ," ಎಂದಳು ಮುದುಕಿ. "ಈ ಕಡಿ ಹಾಸು. ನೆರಳು ಸರದದ."

ನಾನು ಎದ್ದು ಒಂದು ತುದಿ ಹಿಡಿದೆ.